ಬೀಗ ಭದ್ರವಾಯಿತು, ಯಜಮಾನ ಹೊರಗುಳಿದ!

ಕಳ್ಳರ ಭಯದಿಂದ ಹೊಸ ಬೀಗ ಹಾಕಿಸಿದ ಯಜಮಾನ, ಅದು ತೆರೆಯದೆ ತಾನೇ ಜಗಲಿಯ ಮೇಲೆ ರಾತ್ರಿ ಕಳೆಯಬೇಕಾದರೆ ಹೇಗಿರುತ್ತದೆ? 2018ರ ಜನವರಿಯಲ್ಲಿ ಅನೇಕ ಕಂಪ್ಯೂಟರ್ ಬಳಕೆದಾರರ ಪಾಡು ಹೀಗೆಯೇ ಆಗಿತ್ತು.

ಕಂಪ್ಯೂಟರಿನ ಒಳ ಆಡಳಿತವನ್ನು ನಡೆಸುವ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು. ಕರ್ನಲ್ ಎಂದರೆ ತಿರುಳು. ವಿಂಡೋಸ್, ಲಿನಕ್ಸ್ ಮುಂತಾದ ಕಾರ್ಯಾಚರಣ ವ್ಯವಸ್ಥೆಗಳಿಗೆ ಇದೇ ತಿರುಳು. ಗುಪ್ತಪದಗಳಂಥ ಗುಟ್ಟುಗಳು ಇದರ ಸ್ಮೃತಿಯಲ್ಲಿ ಹಾದುಹೋಗುವುದುಂಟು. ಆದ್ದರಿಂದ ಇತರ ತಂತ್ರಾಂಶಗಳು ಅಲ್ಲಿ ಇಣುಕದಂತೆ ಪ್ರೊಸೆಸರ್ ತಡೆಯುತ್ತದೆ.

ಈ ತಡೆ ಸಾಕೆಂದು ಎಲ್ಲರೂ ನಂಬಿದ್ದರು. ಆದರೆ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ, ಆಸ್ಟ್ರಿಯದ ಗ್ರಾಝ್ ತಾಂತ್ರಿಕ ವಿಶ್ವವಿದ್ಯಾಲಯ ಮೊದಲಾದ ಕಡೆಯ ಸಂಶೋಧಕರು ಅದರಲ್ಲೊಂದು ಬಿರುಕು ಕಂಡರು. ಅದೇ ಮೆಲ್ಟ್‌ಡೌನ್. ಇಂಟೆಲ್‌ನ ಬಹುತೇಕ ಪ್ರೊಸೆಸರುಗಳು ವೇಗದ ಆಸೆಯಿಂದ, ಅನುಮತಿ ಇದೆಯೇ ಎಂದು ನೋಡಿ ಮುಗಿಸುವ ಮೊದಲೇ ಮುಂದಿನ ಲೆಕ್ಕ ಮಾಡಿಬಿಡುತ್ತಿದ್ದವು. ಅನುಮತಿ ಇಲ್ಲವೆಂದು ತಿಳಿದೊಡನೆ ಲೆಕ್ಕವನ್ನು ಅಳಿಸುತ್ತಿದ್ದವು, ನಿಜ. ಆದರೆ ಕರಿಹಲಗೆ ಒರೆಸಿದ ಮೇಲೂ ಅಕ್ಷರದ ಛಾಯೆ ಉಳಿಯುವಂತೆ, ಅದರ ಸುಳಿವು ಕ್ಯಾಶ್ ಎಂಬ ವೇಗದ ಸ್ಮೃತಿಯಲ್ಲಿ ಉಳಿಯುತ್ತಿತ್ತು. ಜಾಣ ಕಳ್ಳನಿಗೆ ಅಷ್ಟೇ ಸಾಕು!

ಇದಕ್ಕೆ ಮದ್ದೇನು? ಅಲ್ಲಿಯವರೆಗೆ ಪ್ರತಿ ತಂತ್ರಾಂಶದ ಸ್ಮೃತಿನಕ್ಷೆಯಲ್ಲಿಯೇ ಕರ್ನಲ್‌ನ ಜಾಗವೂ ಗುರುತಾಗಿರುತ್ತಿತ್ತು. ಇನ್ನು ಮುಂದೆ ಎರಡಕ್ಕೂ ಬೇರೆ ಬೇರೆ ನಕ್ಷೆ ಎಂದಾಯಿತು. ನಕ್ಷೆಯಲ್ಲೇ ಇಲ್ಲದ ಕೋಣೆಗೆ ಕಳ್ಳ ನುಗ್ಗುವುದು ಹೇಗೆ?

ಉಪಾಯವೇನೋ ಸೊಗಸು. ಆದರೆ ಇದು ಬುನಾದಿಯನ್ನೇ ಕದಲಿಸುವ ಕೆಲಸ. ಮೇಲಾಗಿ, ಜನವರಿ 9ಕ್ಕೆ ಹೊರಬೀಳಬೇಕಿದ್ದ ಗುಟ್ಟು ಪತ್ರಿಕಾ ವರದಿಗಳಿಂದಾಗಿ 3ರಂದೇ ಬಯಲಾಯಿತು. ತೇಪೆ ಹಾಕುವವರಿಗೆ ಅವಸರ ಹೆಚ್ಚಿತು.

ವಿಂಡೋಸಿನ ತೇಪೆ ಹಾಕಿಕೊಂಡ ಕೆಲವು ಹಳೆಯ ಎಎಂಡಿ ಕಂಪ್ಯೂಟರುಗಳು ಮತ್ತೆ ಏಳಲೇ ಇಲ್ಲ. ಎಎಂಡಿ ಪ್ರೊಸೆಸರುಗಳಿಗೆ ಮೆಲ್ಟ್‌ಡೌನ್ ತಗಲುತ್ತಲೇ ಇರಲಿಲ್ಲ. ಸ್ಪೆಕ್ಟರ್ ಎಂಬ ಅದರ ಸೋದರ ದೋಷಕ್ಕೂ ಅದೇ ತೇಪೆಯಲ್ಲಿ ಮದ್ದಿತ್ತು. ಆ ಚಿಪ್‌ಸೆಟ್‌ಗಳು ತನಗೆ ಒದಗಿಸಿದ್ದ ದಾಖಲೆಗಳಿಗೆ ಹೊಂದುತ್ತಿರಲಿಲ್ಲ ಎಂದ ಮೈಕ್ರೋಸಾಫ್ಟ್, ಅಂಥ ಯಂತ್ರಗಳಿಗೆ ತೇಪೆ ಕಳಿಸುವುದನ್ನು ಕೆಲಕಾಲ ನಿಲ್ಲಿಸಿತು.

ಇನ್ನೊಂದು ವಿಚಿತ್ರ ನೋಡಿ. ಕಾವಲಿಗಿದ್ದ ಕೆಲವು ಆ್ಯಂಟಿವೈರಸ್ ತಂತ್ರಾಂಶಗಳು ತಾವೇ ನಿಯಮ ಮೀರಿ ಕರ್ನಲ್ ಸ್ಮೃತಿಗೆ ಕೈಹಾಕುವ ರೂಢಿ ಬೆಳೆಸಿಕೊಂಡಿದ್ದವು! ಹೊಸ ಏರ್ಪಾಡಿನಲ್ಲಿ ಹಾಗೆ ಕೈಹಾಕಿದರೆ ನೀಲಿ ಪರದೆ ಬಂದು ಯಂತ್ರ ನಿಂತುಬಿಡುತ್ತಿತ್ತು. ಹೀಗಾಗಿ, ತಮ್ಮದು ಹೊಂದುತ್ತದೆಂದು ಆ್ಯಂಟಿವೈರಸ್ ತಯಾರಕರು ಗುರುತು ಹಾಕಿದ ಮೇಲೆಯೇ ತೇಪೆ ಸಿಗುವಂತೆ ಮಾಡಲಾಯಿತು.

ಲಿನಕ್ಸ್ ಕುಟುಂಬದ ಉಬುಂಟು 16.04 ಬಳಸುವ ಕೆಲವರಿಗೂ ಇದೇ ಪೆಟ್ಟು ಬಿತ್ತು. ಆದರೆ ಅಲ್ಲಿ ಹಳೆಯ ಕರ್ನಲ್ಲನ್ನು ಅಳಿಸದೆ ಉಳಿಸಿಕೊಳ್ಳುವ ಪದ್ಧತಿ ಇದೆ. ಅವರು ಆರಂಭದ ಪಟ್ಟಿಯಿಂದ ಹಳೆಯದನ್ನೇ ಆರಿಸಿ ಯಂತ್ರವನ್ನು ಎಬ್ಬಿಸಿಕೊಂಡರು. ತಿದ್ದಿದ ಕರ್ನಲ್ ಕೂಡ ಬೇಗನೆ ಬಂತು.

ಹಾಗೆಂದು ತೇಪೆಯೇ ಬೇಡವೆನ್ನುವುದು ಜಾಣತನವಲ್ಲ. ಬಿರುಕಿದ್ದ ಗೋಡೆಗೆ ಗಾರೆ ಬೇಕೇ ಬೇಕು. ಆದರೆ ಗಾರೆ ಮೆತ್ತುವ ಮುನ್ನ ಮುಖ್ಯ ಕಾಗದಪತ್ರಗಳಿಗೆ ಇನ್ನೊಂದು ಪ್ರತಿ ಮಾಡಿ ಬೇರೆಡೆ ಇಡಬೇಕು. ಹೊಸ ಬೀಗ ಹಾಕಿಸಿದವರು, ಅದು ತೆರೆಯುವುದು ಖಚಿತವಾಗುವವರೆಗೆ ಹಿತ್ತಿಲ ಬಾಗಿಲಿನ ಹಳೆಯ ಕೀಲಿಯನ್ನು ಎಸೆಯಬಾರದು.