ಒಂದೇ ಓಡಾಟ, ಎಲ್ಲ ತಪಾಸಣೆ

ಕೊಡಗಿನ ಕಕ್ಕಬೆಯ ಕಾಫಿ ತೋಟದಲ್ಲಿ ದಿನಗೂಲಿ ಮಾಡುವ ಗರ್ಭಿಣಿ ಆಸ್ಪತ್ರೆಗೆ ಹೋದರೆ ಅಂದಿನ ಕೂಲಿ ಹೋಯಿತು. ಮಳೆಗಾಲವಾದರೆ ಬಸ್ಸೂ ಅನುಮಾನ. ರಕ್ತ ಪರೀಕ್ಷೆಗೆ ಇವತ್ತು, ಎಚ್‌ಐವಿ ಪರೀಕ್ಷೆಗೆ ಇನ್ನೊಂದು ದಿನ ಅಂದರೆ ಆಕೆ ಮತ್ತೆ ಬರುವುದು ಕಷ್ಟ.

ಅದಕ್ಕೇ ಎಲ್ಲವೂ ಒಂದೇ ಕಡೆ ಸಿಗಬೇಕು. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ನಡೆಯುತ್ತದೆ. ಬಿಪಿ, ಹಿಮೋಗ್ಲೋಬಿನ್, ಸಕ್ಕರೆ, ಜೊತೆಗೇ ಎಚ್‌ಐವಿ, ಸಿಫಿಲಿಸ್. ಎಲ್ಲ ಉಚಿತ. ಹೆರಿಗೆ ಆದಮೇಲೆ ಮುಂದಿನ ಮಗು ಯಾವಾಗ ಅನ್ನುವ ಮಾತೂ ಅಲ್ಲೇ ಆಗಲಿ: ಕಾಪರ್-ಟಿ, ಹಾರ್ಮೋನ್ ಇಲ್ಲದ ‘ಛಾಯಾ’ ಮಾತ್ರೆ, ಮೂರು ತಿಂಗಳಿಗೊಮ್ಮೆ ‘ಅಂತರ’ ಚುಚ್ಚುಮದ್ದು. ಹಾಲೂಡಿಸುವ ತಾಯಿಗೆ ಈ ಚುಚ್ಚುಮದ್ದು ಆರು ವಾರದ ನಂತರವೇ.

ಆಸ್ಪತ್ರೆಯಲ್ಲೇ ಈ ಸೇವೆ ಸಿಗುವುದೇನೂ ಹೊಸ ವಿಚಾರವಲ್ಲ. ಸರ್ಕಾರಿ ಆಸ್ಪತ್ರೆಯಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಮೈಸೂರು ಸಂಸ್ಥಾನ 1930ರಲ್ಲೇ ಆದೇಶ ಹೊರಡಿಸಿತ್ತು.

ಒಂದೇ ಕಡೆ ಸಿಕ್ಕರಷ್ಟೇ ಸಾಲದು, ಗುಟ್ಟೂ ಉಳಿಯಬೇಕು. ಹದಿಹರೆಯದವರಿಗೆ ‘ಸ್ನೇಹ ಕ್ಲಿನಿಕ್’ ಇದೆ. ಆದರೆ ಸಣ್ಣ ಊರಲ್ಲಿ ಸಾಲಿನಲ್ಲಿ ನಿಂತವರೆಲ್ಲ ಗುರುತಿನವರೇ. ಬಾಗಿಲು ಮುಚ್ಚಿ ಮಾತಾಡಲು ಒಂದು ಕೋಣೆ ಇಲ್ಲದಿದ್ದರೆ ಸೇವೆ ಇದ್ದೂ ಇಲ್ಲದಂತೆ. ಗರ್ಭಪಾತ ಮಾಡಿಸಿಕೊಂಡವರ ಗುಟ್ಟು ಕಾಯುವುದಂತೂ ಕಾನೂನೇ ಹೇಳುವ ಕರ್ತವ್ಯ.

ಮುಂದಿನ 9ಕ್ಕೆ ಎಲ್ಲಿಗೆ, ಎಷ್ಟು ಹೊತ್ತಿಗೆ ಬರಬೇಕೆಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಈಗಲೇ ಕೇಳಿಟ್ಟುಕೊಳ್ಳಿ.