ಹೋದ ಕರೆಂಟ್ ವಾಪಸ್ ಬಂತೇ?

ಕಳೆದ ಬೇಸಿಗೆಯಲ್ಲಿ ಅಡುಗೆಮನೆಯ ಗೋಡೆಗೆ ಮಸಾಲೆ ಡಬ್ಬಿಗಳ ಸ್ಟ್ಯಾಂಡ್ ಕೂರಿಸಲು ಹೊರಟೆ. ಒಂದು ತೂತಿಗೆ ಯಾರನ್ನು ಕರೆಯುವುದು ಅಂತ ನಾನೇ ಡ್ರಿಲ್ ಹಿಡಿದೆ. ಸ್ವಿಚ್ ಬೋರ್ಡಿನಿಂದ ಒಂದು ಗೇಣು ಮೇಲೆ, ನೆಟ್ಟಗೆ. ಉದುರುತ್ತಿದ್ದ ಇಟ್ಟಿಗೆ ಪುಡಿ ನಿಂತು ಬಿಟ್ ಏನೋ ಮೆತ್ತಗಿನದನ್ನು ಕಚ್ಚಿತು. ಟಪ್! ಡ್ರಿಲ್ ನಿಂತಿತು, ಫ್ರಿಜ್ಜಿನ ಸದ್ದು ಅಡಗಿತು. ಟಾರ್ಚ್ ಬಿಟ್ಟು ನೋಡಿದರೆ ತೂತಿನೊಳಗೆ ಒಡೆದ ಪೈಪು, ಸಿಪ್ಪೆ ಸುಲಿದ ಕೆಂಪು ವೈರು, ಅದಕ್ಕೆ ಒತ್ತಿಕೊಂಡ ಹಸಿರು ವೈರು. ಬೋರ್ಡಿಗೆ ವೈರು ಸಾಮಾನ್ಯವಾಗಿ ಮೇಲಿನಿಂದ ನೆಟ್ಟಗೆ ಇಳಿದು ಬರುತ್ತದೆ. ಅದು ನನಗೆ ಗೊತ್ತಿತ್ತು ಕೂಡ.

ಮೇನ್ ಬೋರ್ಡಿನಲ್ಲಿ ಬಿದ್ದಿದ್ದು ಆರ್‌ಸಿಸಿಬಿ. ಸಾಲಾಗಿ ಕೂತ ಎಂಸಿಬಿಗಳ ಪಕ್ಕದಲ್ಲಿ, ಮೈಮೇಲೆ ‘ಟಿ’ ಬಟನ್ ಇರುವ ಅಗಲದ ಡಬ್ಬಿ. ಎರಡೂ ಒಂದೇ ಜಾತಿಯವು ಅಂದುಕೊಂಡವರೇ ಹೆಚ್ಚು. ಅಲ್ಲ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಒದ್ದೆ ಕೈಯವನ ಮೈಯ ಪ್ರತಿರೋಧ ಸುಮಾರು 1,000 ಓಮ್ ಎನ್ನೋಣ. 230 ವೋಲ್ಟ್ ತಾಗಿದರೆ ಅವನೊಳಗೆ ಹರಿಯುವುದು 0.23 ಆಂಪಿಯರ್, ಅಂದರೆ ಹೆಚ್ಚುಕಡಿಮೆ ಒಂದು ಸೀಲಿಂಗ್ ಫ್ಯಾನ್ ಎಳೆಯುವಷ್ಟು. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಸಾಯುತ್ತಿರುವವನೂ ಅದರ ಪಾಲಿಗೆ ಇನ್ನೊಂದು ಫ್ಯಾನ್.

ಮೈಗೆ ಮಾತ್ರ ಅದು ವಿಪರೀತ. ಅಮೆರಿಕದ ಬರ್ಕ್ಲಿಯಲ್ಲಿ ಪ್ರೊಫೆಸರ್ ಆಗಿದ್ದ ಚಾರ್ಲ್ಸ್ ಡಾಲ್ಜಿಯಲ್, ಸ್ವಯಂಸೇವಕರ ಕೈಗೆ ತಂತಿ ಕೊಟ್ಟು ಕರೆಂಟನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ, ಎಲ್ಲಿಗೆ ಬಂದಾಗ ಹಿಡಿದದ್ದನ್ನು ಬಿಡಲಾಗುವುದಿಲ್ಲ ಎಂದು ಅಳೆದವರು. ಆಂಪಿಯರಿನ ನೂರನೇ ಒಂದು ಭಾಗದ ಆಸುಪಾಸಿನಲ್ಲೇ ಸ್ನಾಯುಗಳು ಬಿಗಿದು ಮುಷ್ಟಿ ಕಚ್ಚಿಕೊಳ್ಳುತ್ತದೆ. ‘ಕರೆಂಟ್ ಹಿಡ್ಕೊಂಡ್ಬಿಡ್ತು’ ಅನ್ನುತ್ತೇವಲ್ಲ, ಹಿಡಿದುಕೊಳ್ಳುವುದು ನಮ್ಮದೇ ಕೈ. 1961ರಲ್ಲಿ ಅವರೇ ಕರೆಂಟ್ ಹೀಗೆ ಮೈಗೆ ಸೋರಿದ್ದು ಕಂಡೊಡನೆ ಲೈನ್ ಕಡಿಯುವ, ಆರ್‌ಸಿಸಿಬಿಯ ಬಳಗದ ಸಾಧನವೊಂದನ್ನು ರೂಪಿಸಿದರು.

ಆರ್‌ಸಿಸಿಬಿಗೆ ಗೊತ್ತಿರುವುದು ಒಂದೇ ಲೆಕ್ಕ: ಹೋದದ್ದೆಲ್ಲ ವಾಪಸ್ ಬಂತೇ? ಒಳಗೊಂದು ಬಳೆಯಂಥ ಕಾಂತೀಯ ಉಂಗುರ. ಫೇಸ್, ನ್ಯೂಟ್ರಲ್ ಎರಡೂ ಅದರೊಳಗಿಂದ ಹಾಯುತ್ತವೆ. ಒಂದರಲ್ಲಿ ಹೋದಷ್ಟೇ ಇನ್ನೊಂದರಲ್ಲಿ ಬಂದರೆ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಹೊಡೆದುಹಾಕುತ್ತದೆ, ಉಂಗುರ ತೆಪ್ಪಗಿರುತ್ತದೆ. ಸ್ವಲ್ಪ ಕರೆಂಟು ಯಾರದೋ ಮೈ ಹೊಕ್ಕು ನೆಲಕ್ಕಿಳಿಯಿತೋ, ವಾಪಸ್ ಬರುವುದರಲ್ಲಿ ಅಷ್ಟು ಖೋತಾ. ಉಂಗುರಕ್ಕೆ ಸುತ್ತಿದ ಮೂರನೇ ತಂತಿಯಲ್ಲಿ ಆಗ ವಿದ್ಯುತ್ ಹುಟ್ಟಿ ಕೊಂಡಿ ಕಳಚುತ್ತದೆ. ಮನೆಗಳಲ್ಲಿ ಇರಬೇಕಾದದ್ದು 30 ಮಿಲಿಆಂಪಿಯರಿನದು. ಸೋರಿಕೆ ಅದರ ಐದು ಪಟ್ಟಾದರೆ 40 ಮಿಲಿಸೆಕೆಂಡಿನೊಳಗೆ ಲೈನ್ ಕಡಿಯಬೇಕು. ಶಾಕ್ ಹೊಡೆಯುವುದು ತಪ್ಪದು, ಆದರೆ ಎದೆಯ ಒಂದು ಬಡಿತ ಮುಗಿಯುವುದರೊಳಗೆ ಅದು ಮುಗಿದಿರುತ್ತದೆ.

ಹಾಗಂತ ಡಬ್ಬಿ ನಂಬಿ ವೈರಿಗೆ ಕೈಹಾಕುವುದು ಹುಚ್ಚುತನ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಮುಟ್ಟಿದರೆ ಹೋದದ್ದೆಲ್ಲ ಎದೆಯ ಮೂಲಕವೇ ವಾಪಸ್ ಬರುತ್ತದೆ. ಲೆಕ್ಕ ಸರಿಯಾಗಿದೆ, ಡಬ್ಬಿ ಬೀಳುವುದಿಲ್ಲ.

ಇನ್ನೊಂದು ಅಪಾಯ ಅಂದೇ ಕಣ್ಣೆದುರಿಗಿತ್ತು. ಮೇನ್ ಬಿದ್ದರೂ ಹಾಲಿನ ಫ್ಯಾನ್ ತಿರುಗುತ್ತಲೇ ಇತ್ತು. ಇನ್ವರ್ಟರ್! ಅದರ ಲೈನ್ ಎಷ್ಟೋ ಮನೆಗಳಲ್ಲಿ ಈ ಡಬ್ಬಿಯನ್ನು ಹಾದು ಬರುವುದೇ ಇಲ್ಲ. ಮೇನ್ ಆಫ್ ಮಾಡಿದೆ ಎಂಬ ಧೈರ್ಯದಲ್ಲಿ ಫ್ಯಾನ್ ಬಿಚ್ಚಲು ಏಣಿ ಹತ್ತುವವರು ಇನ್ವರ್ಟರನ್ನೂ ಆಫ್ ಮಾಡಬೇಕು. ಆಮೇಲೆ ಟೆಸ್ಟರ್. ಅದನ್ನೂ ಎಲ್ಲ ಆಫ್ ಮಾಡುವ ಮೊದಲೇ ಕರೆಂಟ್ ಇರುವ ಸಾಕೆಟ್ಟಿಗೆ ಇಟ್ಟು, ದೀಪ ಉರಿಯುವುದನ್ನು ಕಂಡು ಬಂದೇ ಇಲ್ಲಿ ಇಡಬೇಕು. ಕೆಟ್ಟ ಟೆಸ್ಟರಿನ ದೀಪವೂ ಉರಿಯುವುದಿಲ್ಲ ತಾನೇ.

ವೈರು ಬದಲಿಸಲು ಬಂದ ಎಲೆಕ್ಟ್ರಿಷಿಯನ್ ಕೆಲಸ ಮುಗಿಸಿ ಮೇನ್ ಏರಿಸಿದ. “ಸರ್, ಈ ಟಿ ಬಟನ್ ಯಾವಾಗ್ಲಾದ್ರೂ ಒತ್ತಿದೀರಾ?” ಮನೆಗೆ ಬಂದು ಒಂಬತ್ತು ವರ್ಷ, ಒಮ್ಮೆಯೂ ಇಲ್ಲ. ಆ ಬಟನ್ ಒಂದಿಷ್ಟು ಕರೆಂಟನ್ನು ಬೇಕೆಂದೇ ಉಂಗುರದ ಹೊರಗಿನಿಂದ ಹಾಯಿಸಿ ಲೆಕ್ಕ ತಪ್ಪಿಸುತ್ತದೆ. ಒತ್ತಿದರೆ ಬೀಳಬೇಕು. ಬೀಳದಿದ್ದರೆ ಡಬ್ಬಿ ಬದಲಿಸಬೇಕು. “ಮೂರು ತಿಂಗಳಿಗೊಂದ್ಸಲ ಒತ್ತಿ, ಸರ್. ಒತ್ತದೇ ಬಿಟ್ರೆ ಒಳಗೆ ಕಚ್ಕೊಂಡ್ಬಿಡುತ್ತೆ” ಎನ್ನುತ್ತ ಅವನೇ ಹೆಬ್ಬೆರಳು ಇಟ್ಟು ಒತ್ತಿದ. ಟಪ್!