ಅಜ್ಜಿ ಬಿದ್ದರು, ಗಡಿಯಾರ ಯಾವಾಗ ಶುರು?

ಹನೂರು ಕಡೆಯ ಒಂದು ಹಳ್ಳಿ ಅಂದುಕೊಳ್ಳಿ. ಬೆಳಗಿನ ಜಾವ ಅಜ್ಜಿ ಬಚ್ಚಲಲ್ಲಿ ಜಾರಿದರು. ದೊಡ್ಡ ಏಟೇನಲ್ಲ. ಆದರೆ ಏಳೋಕಾಗ್ತಿಲ್ಲ! ಕಾಲು ನೋಡಿ. ಒಂದು ಗಿಡ್ಡ! ಪಾದ ಹೊರಕ್ಕೆ ವಾಲಿದೆ! ಎಕ್ಸ್‌ರೇಗೂ ಮುಂಚೆ ಕಾಲೇ ಬಾಯಿಬಿಟ್ಟಿದೆ.

"ಸೊಂಟ ಮುರೀತು" ಅಂತಾರೆ ಮನೆಯವರು. ಮುರಿದದ್ದು ಸೊಂಟವೇ ಅಲ್ಲ! ತೊಡೆಮೂಳೆಯ ಮೇಲ್ತುದಿ. ಅಲ್ಲೊಂದು ಗುಂಡು, ಅದರ ಕೆಳಗೆ ಕತ್ತು. ಗುಂಡಿಗೆ ರಕ್ತ ಹತ್ತೋದು ಬಹುಪಾಲು ಆ ಕತ್ತಿನ ಮೇಲೇ. ಕತ್ತು ಮುರಿದು ಜರುಗಿತೋ, ಗುಂಡು ಉಪವಾಸ! ಅದಕ್ಕೇ ಎಷ್ಟೋ ಸಲ ಅದನ್ನು ತೆಗೆದು ಲೋಹದ್ದು ಕೂರಿಸೋದು.

ಈಗ ಊಹಿಸಿ. ಆಪರೇಷನ್ ಎಷ್ಟರೊಳಗೆ ಆಗಬೇಕು? ವಾರ? ಮೂರು ದಿನ?

ಕೆನಡಾದ ಒಂಟಾರಿಯೊದಲ್ಲಿ 42,230 ರೋಗಿಗಳ ದಾಖಲೆ ಜಾಲಾಡಿದರು. 2017ರಲ್ಲಿ ಉತ್ತರ ಬಂತು. 24 ಗಂಟೆ! ಅದರೊಳಗೆ ಆದವರಲ್ಲಿ ತಿಂಗಳೊಳಗಿನ ಸಾವು ಶೇ. 5.8. ದಾಟಿದವರಲ್ಲಿ ಶೇ. 6.5.

ಹಾಗಾದರೆ 6 ಗಂಟೆಗೇ ಮಾಡಿದರೆ? ನೋಡೇಬಿಟ್ಟರು! 17 ದೇಶ, ನಮ್ಮದೂ ಸೇರಿ. 2,970 ರೋಗಿಗಳು. ಅರ್ಧ ಜನಕ್ಕೆ ಸುಮಾರು 6 ಗಂಟೆ, ಉಳಿದವರಿಗೆ 24. ಫಲಿತಾಂಶ 2020ರಲ್ಲಿ. ಸಾವು ಎಷ್ಟು ಇಳಿಯಿತು, ಹೇಳಿ?

ಇಳಿಯಲೇ ಇಲ್ಲ! ಶೇ. 9 ಮತ್ತು 10, ಲೆಕ್ಕಕ್ಕೆ ಹಿಡಿಯುವಷ್ಟು ಅಂತರವಲ್ಲ. ಬೇಜಾರಾಯ್ತಾ? ತಾಳಿ. ಬೇಗ ಆದವರಿಗೆ ಮಂಕು ಬಡಿದು ಬಡಬಡಿಸೋದು ಕಡಿಮೆ. ಮೂತ್ರದ ಸೋಂಕು ಕಡಿಮೆ. ಬೇಗ ಎದ್ದು ನಿಂತರು! ಒಂದು ದಿನ ಮೊದಲೇ ಮನೆಗೆ!

ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆ. ಆ 6 ಗಂಟೆ ಎಣಿಸಿದ್ದು ಎಲ್ಲಿಂದ? ಬಿದ್ದ ಗಳಿಗೆಯಿಂದಲ್ಲ! ಮುರಿದಿದೆ ಅಂತ ಆಸ್ಪತ್ರೆಯಲ್ಲಿ ಗೊತ್ತಾದ ಮೇಲೆ!

ಅಂದರೆ ಮಾದಪ್ಪನ ಬೆಟ್ಟದ ತಿರುವುಗಳು ಲೆಕ್ಕದಲ್ಲಿಲ್ಲ. ಯಳಂದೂರಿಗೆ ಇಳಿಯಬೇಕಾದ ಬಿಳಿಗಿರಿರಂಗನ ಬೆಟ್ಟದ ಪೋಡಿನ ದಾರಿಯೂ ಇಲ್ಲ. ಎಣ್ಣೆ ಸವರಿ, ಬಿದಿರು ದಬ್ಬೆ ಕಟ್ಟಿ, "ನಾಳೆ ನೋಡವ ಬುಡಿ" ಅಂದ ಆ ರಾತ್ರಿ? ಅದೂ ಇಲ್ಲ! ಮುಂಗೈ ಆಗಿದ್ದರೆ ದಬ್ಬೆ ಹಿಡಿದು ನಿಲ್ಲಿಸೀತು. ಇದು ಮಾಂಸದಾಳದ ಮೂಳೆ, ದಬ್ಬೆ ಅಲ್ಲಿಗೆ ಮುಟ್ಟೋದೇ ಇಲ್ಲ! ಅತ್ತ ಮಲಗಿದಲ್ಲೇ ಎದೆಯಲ್ಲಿ ಕಫ, ಬೆನ್ನಲ್ಲಿ ಹುಣ್ಣು.

"ಈ ವಯಸ್ಸಲ್ಲಿ ಆಪರೇಷನ್ ತಡೀತಾರಾ?" ಕೊಳ್ಳೇಗಾಲದಲ್ಲಿ ಆಂಬುಲೆನ್ಸ್ ಹತ್ತಿಸುವಾಗಲೂ ಯಾರಾದರೂ ಕೇಳಿಯೇ ಕೇಳ್ತಾರೆ. ಎಷ್ಟೋ ಸಲ ಬೆನ್ನಿಗೊಂದು ಸೂಜಿ, ಅಷ್ಟೇ! ಸೊಂಟದ ಕೆಳಗೆ ಜೋಮು. ಅಜ್ಜಿ ಎಚ್ಚರವಾಗೇ ಇದ್ದು ಡಾಕ್ಟರನ್ನು "ಮುಗೀತಾ ಮಗ?" ಅಂತ ಕೇಳಬಹುದು! ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸ್ತಾರೆ.